ಕಸ್ತೂರೆವ್ವ ಅಳಲಿಲ್ಲ

“ಏಳಬೇ ರಂಡೀ! ಅಲ್ಲಿ ನಮ್ಮಪ್ಪನ ಹೆಣಾ ಕುಂತೈತಿ, ಇಲ್ಲಿ ನೀ ರೊಟ್ಟಿ ಬಡ್ಯಾಕತ್ತೀಯೇನ?”

ದಾದಾಸಾಹೇಬ ಬೈಯುತ್ತಲೇ ಒಲೆಗೆ ಒದ್ದ. ಹಂಚು ಉರುಳಿತು. ಕೆಂಡ ಕಸ್ತೂರೆವ್ವಕ್ಕನ ಸೆರಗಿನ ಮೇಲೆ ಬಿತ್ತು. ಅಕ್ಕ ಗಾಬರಿಯಾಗಲಿಲ್ಲ. ಹಿಟ್ಟಿನ ಕೈಯಲ್ಲೇ ಸೆರಗು ಕೊಡವಿಕೊಂಡು, ಬಡಿಯುತ್ತಿದ್ದ ಅರ್ಧ ರೊಟ್ಟಿಯನ್ನು ಪರಾತದೊಳಗೆ ಹಾಕಿದಳು.

“ಬರಂಗಿಲ್ರಿ ಸಾವಕಾರ್ರ.”

“ಏನಂದಿ?”

“ಬರಂಗಿಲ್ಲ ಅಂದ್ನಿರಿ. ನನ ಮಗನ್ನ ತಿಂದ ಹೆಣದ ಮುಂದ ನಾ ಬಾಯಿ ತಗ್ಯಾಂಗಿಲ್ಲ.”

ದಾದಾಸಾಹೇಬ ಅವಳ ತುರುಬಿಗೆ ಕೈ ಹಾಕಿ ಎಳೆದು ಬಾಗಿಲ ಚೌಕಟ್ಟಿಗೆ ಹಣೆ ಬಡಿಸಿದ. ಒಮ್ಮೆ ಅಲ್ಲ. ನೀರಿಗೆ ಹೊರಟಿದ್ದ ನಾನು ಕೊಡ ಅಲ್ಲೇ ಬಿಟ್ಟು ಓಡಿಹೋಗಿ ಅಡ್ಡ ಬಿದ್ದೆ. ಅವನ ಹಿಂದಿದ್ದ ಭೂಪಾಲ, ಸಾವುಕಾರರ ಗಾಡಿ ಹೊಡೆಯುವವನು, ನನ್ನ ಹೊಟ್ಟೆಗೆ ಮೊಣಕಾಲಿನಿಂದ ಗುದ್ದಿದ. ನಾನು ಮಡಚಿಕೊಂಡು ಅಂಗಳದಲ್ಲಿ ಬಿದ್ದೆ. ಕೇರಿಯ ಮಂದಿ ಬಾಗಿಲಲ್ಲಿ ನಿಂತು ನೋಡುತ್ತಿದ್ದರು. ಸಾವುಕಾರರ ಕಬ್ಬು ಕಡಿದು ಉಣ್ಣುವ ಕೈಗಳು ಸಾವುಕಾರರ ಮೇಲೆ ಏಳುವುದು ಅಷ್ಟು ಸುಲಭವಲ್ಲ.

“ನಮ್ಮ ಮನ್ಯಾನ ಹೆಣಾ ಕೇರಿ ಹೆಂಗಸೂರ ಅಳದ ಎಂದರ ಹೋಗೈತೇನಲೇ? ಮಿರಜಿಂದ, ಸಾಂಗ್ಲಿಯಿಂದ ಬೀಗರ ಬಂದ ಕುಂತಾರ. ಅವರ ಮುಂದ ನನ್ನ ಮಾನಾ ಕಳೀತಿಯೇನ ಬೋಸಡೀ?”

ಅಕ್ಕನ ಹುಬ್ಬು ಸೀಳಿ ರಕ್ತ ಕಣ್ಣಿಗೆ ಇಳಿದಿತ್ತು. ಆದರೂ ತಲೆ ಅಲ್ಲಾಡಿಸಿದಳು.

ಆಗ ಹಿಂದಿನಿಂದ ನಿಖಿಲ ಬಂದ. ದಾದಾಸಾಹೇಬನ ಮಗ, ಪುಣೆಯಲ್ಲಿ ಕಲಿತವನು. ಬಿಳಿ ಅಂಗಿ, ಕೈಯಲ್ಲಿ ಫೋನು. ತಂದೆಯ ಭುಜ ಹಿಡಿದು ಮೆತ್ತಗೆ ಹೇಳಿದ:

“ಪಪ್ಪಾ, ಬಿಡ್ರಿ. ಅಕಿ ಬರೂದ ಬ್ಯಾಡ. ಅಕಿ ಆವಾಜ ನನ್ನ ಕಡೆ ಐತಿ.”

ಆ ಮಾತು ನಮಗೆ ತಿಳಿಯಲಿಲ್ಲ. ಬಡಿತ ನಿಂತಿತಲ್ಲ ಅಂತ ಉಸಿರು ಬಿಟ್ಟೆವು.

ನಮ್ಮೂರು ಐನಾಪುರದಿಂದ ಹೊಳೆಯ ಕಡೆಗೆ ಇಳಿಯುವ ದಾರಿಯಲ್ಲಿದೆ. ಎತ್ತ ನೋಡಿದರೂ ಕಬ್ಬು. ಅದರಲ್ಲಿ ಮುಕ್ಕಾಲು ಪಾಲು ವಾಡೆಯವರದು, ಅಂದರೆ ಈ ಸಾವುಕಾರರ ದೊಡ್ಡ ಮನೆಯವರದು. ದೊಡ್ಡವರ ಮನೆಯಲ್ಲಿ ಉಳುವುದಕ್ಕೆ ಆಳು, ಕಡಿಯುವುದಕ್ಕೆ ಆಳು, ಅಳುವುದಕ್ಕೂ ಆಳು. ಅವರ ಮನೆಯಲ್ಲಿ ಯಾರಾದರೂ ಸತ್ತರೆ ನಮ್ಮ ಕೇರಿಯ ಹೆಂಗಸರು ಹೋಗಿ ಹಾಡ್ಯಾಡಿ ಅಳಬೇಕು. ಅವರ ಹೆಂಗಸರು ಒಳಗೆ ಕೂತು ಮೂಗು ಒರೆಸಿಕೊಂಡರೆ ಸಾಕು. ಅಜ್ಜಿ-ಮುತ್ತಜ್ಜಿಯರ ಕಾಲದಿಂದ ಇದು ನಡೆದು ಬಂದಿದೆ. ಅಳುವುದರಲ್ಲಿ ಕಸ್ತೂರೆವ್ವಕ್ಕನನ್ನು ಮೀರಿಸಿದವರು ಕಾಗವಾಡದ ತನಕ ಯಾರೂ ಇಲ್ಲ. ಅವಳು ಎತ್ತುತ್ತಾಳೆ, ನಾನು ಹಿಂದಿನ ಸೊಲ್ಲು ಹಿಡಿಯುತ್ತೇನೆ. ಅವಳು ನನ್ನ ಗಂಡ ಜಕ್ಕಪ್ಪನ ಅಣ್ಣನ ಹೆಂಡತಿ. ಆ ಅಣ್ಣ ತೀರಿಕೊಂಡು ಬಹಳ ವರ್ಷವಾಯಿತು.

ಇದಕ್ಕೊಂದು ಕಟ್ಟಳೆಯಿದೆ. ಹೆಣದ ಮುಂದೆ ಸುಳ್ಳು ಹಾಡಬಾರದು. ಸತ್ತವನು ಜಿಪುಣನಾಗಿದ್ದರೆ ಜಿಪುಣ ಎಂದೇ ಹಾಡುತ್ತೇವೆ, ಸೊಸೆಯನ್ನು ಉರಿಸಿದ ಅತ್ತೆಯಾಗಿದ್ದರೆ ಅದೂ ಬರುತ್ತದೆ. ವಾಡೆಯವರು ಹಲ್ಲು ಕಚ್ಚಿಕೊಂಡು ಕೇಳಬೇಕು. ಬದುಕಿದ್ದಾಗ ನಾವು ಅವರಿಗೆ ಒಂದು ಮಾತು ಅನ್ನುವ ಹಾಗಿಲ್ಲ. ಸತ್ತ ದಿನ ಮಾತ್ರ ಅನ್ನಬಹುದು. ಇಡೀ ಊರು ನಮಗೆ ಬಿಟ್ಟುಕೊಟ್ಟ ಹಕ್ಕು ಇದೊಂದೇ. ಹೆಣದ ಮುಂದೆ ಹಾಡಿದ ಮಾತಿಗೆ ಊರಲ್ಲಿ ಯಾರೂ ಇಲ್ಲ ಅನ್ನುವುದಿಲ್ಲ.

ಕಳೆದ ಬೇಸಿಗೆಯಲ್ಲಿ ಕೇರಿಯ ಟಾಕಿಗೆ ನೀರಿಲ್ಲದಾಗ ಅಕ್ಕನ ಒಬ್ಬನೇ ಮಗ ಈಶ್ವರ ಹೊಳೆಯ ಪಂಪಹೌಸಿಗೆ ಹೋಗಿ, ವಾಡೆಯವರ ಪೈಪಿನ ವಾಲು ತಿರುವಿ ಕೇರಿಗೆ ನೀರು ಬಿಟ್ಟ. ಮಕ್ಕಳು ಕುಡಿಯುವ ನೀರು ಅದು. ಮುದುಕ ರಾವಸಾಹೇಬ, ಈ ದಾದಾಸಾಹೇಬನ ಅಪ್ಪ, ಅಲ್ಲಿಗೆ ಖುರ್ಚಿ ತರಿಸಿಕೊಂಡು ಕೂತ. ಈಶ್ವರನನ್ನು ಕಂಬಕ್ಕೆ ಕಟ್ಟಿಸಿದ. “ಹೊಡೀರಿ, ಇಂವಗ ನೀರಡಿಕಿ ಆಗೈತಿ,” ಅಂದ. ಹೊಡೆದರು. ನಾವು ಕಬ್ಬಿನ ಸಾಲಿನಲ್ಲಿ ಕಬ್ಬು ಕಡಿಯುವ ಕೊಯ್ತಾ ಹಿಡಿದು ನಿಂತು ನೋಡಿದೆವು. ಮರುದಿನ ಹುಡುಗ ಸತ್ತ. ಪಂಪಿನ ಕರೆಂಟು ಹೊಡೆದು ಸತ್ತ ಅಂತ ಪೊಲೀಸರು ಬರೆದುಕೊಂಡರು. ಕರೆಂಟಿಗೆ ಬಡಿಗೆ ಹಿಡಿಯುವ ಕೈ ಯಾವಾಗ ಬಂತು ಅಂತ ಕೇಳುವ ಧೈರ್ಯ ನಮ್ಮಲ್ಲಿ ಯಾರಿಗೂ ಇರಲಿಲ್ಲ.

ಅಕ್ಕ ಕೇಳಿದಳು. ಠಾಣೆಯಲ್ಲಲ್ಲ, ಮಗನ ಹೆಣದ ಮುಂದೆ:

*ನೀರ ಬಿಡಾಕ ಹೋದ ನನ ಮಗನ*
*ಕಂಬಕ ಕಟ್ಟ್ಯಾರೋ ಕಂದಾ*
*ಖುರ್ಚ್ಯಾಗ ಕುಂತ ರಾವಸಾಹೇಬಾ*
*ಎಣಿಸಿ ಹೊಡಸ್ಯಾನೋ ಕಂದಾ*

ಯಾರೋ ಫೋನಿನಲ್ಲಿ ತುಂಬಿಕೊಂಡರು. ಹಾಡು ಅಥಣಿ, ರಾಯಬಾಗ, ಗಡಿಯಾಚೆ ಸಾಂಗ್ಲಿಯವರೆಗೆ ಹೋಯಿತು. ನಿಖಿಲನಿಗೆ ಗಟ್ಟಿಯಾಗಿದ್ದ ಹೆಣ್ಣಿನ ಕಡೆಯವರು, ಹೆಣದ ಮುಂದೆ ಹೆಸರು ಬಂದ ಮನೆ ನಮಗೆ ಬೇಡ ಅಂತ ತಿರುಗಿ ಹೋದರು. ಚಿಕ್ಕೋಡಿಯಿಂದ ದೊಡ್ಡ ಸಾಹೇಬರು ಮತ್ತೊಮ್ಮೆ ತನಿಖೆಗೆ ಬರುತ್ತಾರೆ ಅನ್ನುವ ಮಾತೂ ಹುಟ್ಟಿತು. ಕೇರಿಯಲ್ಲಿ ಸಾಕ್ಷಿ ಹೇಳುವವರು ಯಾರೂ ಇರಲಿಲ್ಲ. ಆ ಹಾಡೇ ಸಾಕ್ಷಿ. ಅದಿಲ್ಲದಿದ್ದರೆ ನಮ್ಮ ಈಶ್ವರ ಕರೆಂಟು ಹೊಡೆದೇ ಸತ್ತ ಅಂತಾಗುತ್ತಿತ್ತು.

ಅದಕ್ಕೂ ಮುಂಚೆ, ಈಶ್ವರ ಇನ್ನೂ ಬದುಕಿದ್ದಾಗ, ಈ ನಿಖಿಲ ನಮ್ಮ ಅಂಗಳಕ್ಕೆ ಬಂದು ಕೂರುತ್ತಿದ್ದ. ವಾಡೆಯ ಹುಡುಗ ನಮ್ಮ ಚಾಪೆಯ ಮೇಲೆ ಕೂತನಲ್ಲ ಅಂತ ನಾವು ಹಿಗ್ಗಿದೆವು. “ಅವ್ವಾ, ನಿನ್ನ ಹಾಡ ಪುಸ್ತಕ ಮಾಡ್ತೀನಿ, ನಿನ್ನ ಫೋಟೋ ಹಾಕ್ತೀನಿ,” ಅನ್ನುತ್ತಿದ್ದ. ಅಕ್ಕ ಬೀಸುವ ಪದ, ಸೋಬಾನೆ, ಅಳುವ ಹಾಡು ಎಲ್ಲ ಹಾಡಿದಳು. ಫೋನು ಎಲ್ಲ ಕುಡಿಯಿತು. ಪುಸ್ತಕ ಎಲ್ಲಿ ಅಂತ ಒಮ್ಮೆ ಕೇಳಿದ್ದಕ್ಕೆ ನಕ್ಕ. “ಈಗ ಬರಿಯೂದ ಬ್ಯಾಡ ಅವ್ವಾ. ನಿನ್ನ ಹಾಡ ಮಷೀನಿಗಿ ತಿನಿಸೀನಿ. ಈಗ ಅದs ನೂರ ಹಾಡ ಹೊಸಾವ ಕಟ್ಟತೈತಿ, ಒಂದ ತಾಸಿನ್ಯಾಗ.” ಅಕ್ಕನೂ ನಕ್ಕಿದ್ದಳು. ಹುಡುಗ ಚೇಷ್ಟೆ ಮಾಡುತ್ತಾನೆ ಅಂದುಕೊಂಡಿದ್ದಳು.

ಅವತ್ತು ಅವರು ಒದ್ದು ಹೋದ ಮೇಲೆ ನಾನು ಅಕ್ಕನ ಹುಬ್ಬಿಗೆ ಅರಿಶಿಣ ಒತ್ತಿ ನನ್ನ ಮನೆಗೆ ಬಂದು ಬಿದ್ದುಕೊಂಡಿದ್ದೆ. ಹೊಟ್ಟೆ ಹಿಡಿದಿತ್ತು. ಹೊತ್ತು ನೆತ್ತಿಗೇರುವ ಸುಮಾರಿಗೆ ವಾಡೆಯ ಕಡೆಯಿಂದ ಡಬ್ಬಿಗಳು ಗುಡುಗಿದವು. ಮದುವೆಗೆ ಹಚ್ಚುವ ಸೌಂಡ ಬಾಕ್ಸು. ಅದರಿಂದ ಕಸ್ತೂರೆವ್ವಕ್ಕನ ದನಿ ಬಂತು.

*ಹೋದೆಲ್ಲೋ ನನ್ನಪ್ಪ ರಾವಸಾಹೇಬಾ*
*ನಮಗ ನೆರಳ್ಯಾರೋ ತಂದೇ*
*ಕರೆಂಟ ಹೊಡದ ನನ ಮಗ ಸತ್ತಾಗ*
*ಎದಿಗವಚಿ ಅತ್ತೆಲ್ಲೋ ತಂದೇ*

ಅದು ಅವಳದೇ ದನಿ, ನನಗೆ ಒಂದಿಷ್ಟೂ ಸಂಶಯ ಬರಲಿಲ್ಲ. ವರ್ಷಗಟ್ಟಲೆ ಆ ದನಿಯ ಹಿಂದೆ ಸೊಲ್ಲು ಹಿಡಿದವಳು ನಾನು. ‘ತಂದೇ’ ಅನ್ನುವಾಗ ಗಂಟಲು ಕಟ್ಟಿ ಬಿಚ್ಚುವುದು, ನಡುವೆ ಬಿಕ್ಕುವುದು, ಎಲ್ಲ ಅವಳದೇ. ಆ ಬಿಕ್ಕು ನನಗೆ ಗುರುತು ಸಿಕ್ಕಿತು. ಮಗನ ಹೆಣದ ಮೇಲೆ ಬಿದ್ದಾಗ ಬಿಕ್ಕಿದ್ದಳಲ್ಲ, ಫೋನಿನಲ್ಲಿ ಊರೂರು ತಿರುಗಿತ್ತಲ್ಲ, ಅದು.

ಕೇರಿ ಕೇರಿಯೇ ಹೊರಗೆ ಬಂತು. “ಮಾರ್ಕೊಂಡ್ಳಲೇ ಮಗನ್ನ!” ಅಂತ ಯಾರೋ ಕೂಗಿದರು. ನಮ್ಮ ಎದುರು ಮನೆಯ ಹೆಂಗಸು ಅಕ್ಕನ ಬಾಗಿಲಿಗೆ ಮುಸುರೆ ಎರಚಿದಳು. ನನ್ನ ಗಂಡ ಜಕ್ಕಪ್ಪ ಹಲಗೆ ಬಡಿಯುವ ಕೋಲು ಹಿಡಿದು ಓಡಿದ. ಅವನ ಕೈ ಮೇಲೇ ಈಶ್ವರ ಬೆಳೆದಿದ್ದ. ನಾನು ಹಿಂದೆ ಓಡಿದೆ.

ಅಕ್ಕ ಮನೆಯೊಳಗೆ ಗೋಡೆ ಕಡೆ ಮುಖ ಮಾಡಿ ನಿಂತಿದ್ದಳು. ಜಕ್ಕಪ್ಪ ಹಿಂದೆ ಮುಂದೆ ನೋಡದೆ ಬೆನ್ನಿಗೆ ಬಾರಿಸಿದ.

“ಎಷ್ಟಕ್ಕ ಮಾರೀಯಬೇ ಹುಡಗನ್ನ? ಎಷ್ಟಕ್ಕ?”

“ಯವ್ವಾ,” ಅಂತ ಅಕ್ಕ ಚೀರಿದಳು. ಮತ್ತೊಂದು ಏಟು ಬಿತ್ತು, ಮತ್ತೆ ಚೀರಿದಳು. ಹೊರಗೆ ಅವಳ ಹಾಡು ಒಂದಿಷ್ಟೂ ತಡವರಿಸದೆ ನಡೆದಿತ್ತು. ಜಕ್ಕಪ್ಪ ಕೋಲು ಎತ್ತಿದವನು ಹಾಗೇ ನಿಂತ. ಅಕ್ಕನ ಬಾಯಿ ನೋಡಿದ, ಬಾಗಿಲಾಚೆ ನೋಡಿದ, ಮತ್ತೆ ಅಕ್ಕನ ಬಾಯಿ ನೋಡಿದ. ಕೋಲು ಕೆಳಗೆ ಬಿತ್ತು.

“ನಾ ಅಲ್ಲೋ ಮೈದ್ನಾ,” ಅಂದಳು ಅಕ್ಕ. “ನಾ ಇಲ್ಲೇ ಅದೀನಿ. ಅಲ್ಲಿ ಅಳಾಕತ್ತಿದ್ದ ನಾ ಅಲ್ಲ.”

ಅವನು ಕುಸಿದು ಕೂತು ಅವಳ ಕಾಲು ಹಿಡಿದುಕೊಂಡು ಹುಡುಗನ ಹಾಗೆ ಅತ್ತ. ಅಕ್ಕನ ಕಣ್ಣು ಒಣಗಿತ್ತು. ಕಾಲು ಬಿಡಿಸಿಕೊಂಡು ವಾಡೆಯ ದಾರಿ ಹಿಡಿದಳು. ಹೊಟ್ಟೆನೋವು ಮರೆತು ನಾನೂ ಬೆನ್ನು ಹತ್ತಿದೆ.

ವಾಡೆಯ ಮುಂದೆ ಬಿಳಿ ಪೆಂಡಾಲು. ನಡುವೆ ಹೂವಿನ ಮಂಟಪದಲ್ಲಿ ರಾವಸಾಹೇಬನನ್ನು ಕುಂಡ್ರಿಸಿದ್ದರು. ಹಣೆಗೆ ವಿಭೂತಿ, ತಲೆಗೆ ರುಮಾಲು, ತೊಡೆಯ ಮೇಲೆ ಅವನ ಬೆತ್ತ. ಬದುಕಿದ್ದಾಗಲೂ ಹೀಗೇ ಕೂತು ಜನರನ್ನು ಹೊಡೆಸುತ್ತಿದ್ದ. ಬೀಗರು ಸಾಲಾಗಿ ಖುರ್ಚಿಯಲ್ಲಿ ಕೂತಿದ್ದರು. ಒಂದು ಖುರ್ಚಿಯಲ್ಲಿ ಫೌಜದಾರ. ಕರೆಂಟು ಅಂತ ಬರೆದುಕೊಂಡವನು ಅವನೇ. ಫೋನು ಮೇಲೆತ್ತಿ ಹಿಡಿದು ಹಾಡನ್ನು ತುಂಬಿಕೊಳ್ಳುತ್ತಿದ್ದ. ಎರಡು ಪಕ್ಕದಲ್ಲಿ ಆಳೆತ್ತರದ ಡಬ್ಬಿಗಳು, ಅವುಗಳ ನಡುವೆ ಮೇಜಿನ ಮೇಲೆ ನಿಖಿಲನ ಲ್ಯಾಪಟಾಪು.

ಅಕ್ಕ ನೆಟ್ಟಗೆ ಫೌಜದಾರನ ಮುಂದೆ ಹೋಗಿ ನಿಂತಳು. ತುಟಿ ಬಿಗಿ ಮುಚ್ಚಿ ಬೆರಳಿನಿಂದ ತುಟಿ ತೋರಿಸಿದಳು. ಡಬ್ಬಿಯಲ್ಲಿ ಅವಳ ದನಿ ‘ನಮಗ ನೆರಳ್ಯಾರೋ’ ಅಂತ ಗೋಳಾಡುತ್ತಿತ್ತು.

“ನೋಡ್ರಿ ಸಾಹೇಬ್ರ. ನನ್ನ ಬಾಯಿ ಮುಚ್ಚೈತಿ.”

“ನಿನ್ನ ಬಾಯಿ ನೋಡ್ಕೋತ ಕುಂಡ್ರಾಕ ನಾ ಏನ ಎತ್ತ ಕೊಳ್ಳಾಕ ಬಂದೀನೇನ?” ಅಂದ ಫೌಜದಾರ. “ದನಿ ನಿಂದ ಐತಿ. ನಾ ಕೇಳೀನಿ, ಊರ ಕೇಳೈತಿ. ಮಗ ಕರೆಂಟ ಹೊಡದ ಸತ್ತ ಅಂತ ಹೆಣದ ಮುಂದ ನೀನs ಹಾಡೀದಿ. ಹೆಣದ ಮುಂದ ನೀವ ಸುಳ್ಳ ಹಾಡಂಗಿಲ್ಲಲ್ಲ? ಚಿಕ್ಕೋಡಿ ಸಾಹೇಬ್ರಿಗಿ ಇದನ್ನ ಕಳಸ್ತೀನಿ. ಮುಗೀತ, ನಡಿ ಮನೀಗಿ.”

ಆಗ ನನಗೆ ಹೊಳೆಯಿತು. ಅವರಿಗೆ ಬೇಕಾಗಿದ್ದು ಅಳುವಲ್ಲ. ಈಶ್ವರನನ್ನು ಎರಡನೆಯ ಸಲ ಕೊಲ್ಲುವುದಕ್ಕೆ ಅವನ ತಾಯಿಯ ಗಂಟಲೇ ಬೇಕಿತ್ತು.

ಅಕ್ಕ ನಿಖಿಲನ ಮೇಜಿನ ಹತ್ತಿರ ಹೋದಳು. ಅಲ್ಲಿಯೂ ಅವಳು ಜೋರು ಮಾಡಲಿಲ್ಲ. ಅದು ನನಗೆ ಇನ್ನೂ ಹೆದರಿಕೆ ಹುಟ್ಟಿಸಿತು.

“ತಮ್ಮಾ, ಇದು ಅಳಾಕತ್ತೈತೆಲ್ಲ. ಇದರದ ಯಾರ ಸತ್ತಾರೋ?”

“ಅವ್ವಾ, ಸಿಟ್ಟ ಆಗಬ್ಯಾಡ. ಇದು ಹೊಸಾ ಕಲಾ ಐತಿ. ನಿನ್ನ ಹೆಸರs ಆಗತೈತಿ.”

“ಇದಕ್ಕ ಹೊಟ್ಟಿ ಐತೇನ? ಹಡದೈತೇನ? ಹಡದ ಮಗನ್ನ ಮಣ್ಣಾಗ ಇಟ್ಟ ಬಂದೈತೇನ? ಈ ಬಿಕ್ಕ ಎಲ್ಲಿಂದ ತಂದೀಯೋ? ನನ ಈಶ್ವರನ ಮ್ಯಾಲ ಬಿದ್ದ ಬಿಕ್ಕೀದ್ನೆಲ್ಲ, ಅದನ್ನ ಕಿತ್ತ ತಂದ ನಿನ್ನ ಮುತ್ಯಾಗ ಹೊಚ್ಚೀಯೇನೋ ಹಾಟ್ಯಾ?”

ನಿಖಿಲನ ಮುಖ ಕೆಂಪಾಯಿತು. ಬಗ್ಗಿ ಅವಳ ಕಿವಿಯ ಹತ್ತಿರ, ನನಗೂ ಕೇಳುವಂತೆ ಹೇಳಿದ:

“ಹೆಚ್ಚ ಮಾತಾಡಬ್ಯಾಡ. ಫೋನಿನ್ಯಾಗ ತಿರಗ್ಯಾಡತೈತೆಲ್ಲ ನಿನ್ನ ಮಗನ ಹಾಡ, ಅದs ಮಷೀನ ಕಟ್ಟಿದ್ದ ಸುಳ್ಳ ಹಾಡ ಅಂತ ಹೇಳ್ತೀನಿ. ಯಾರ ಇಲ್ಲ ಅಂತಾರ? ಇದೂ ನಿನ್ನ ದನಿ, ಅದೂ ನಿನ್ನ ದನಿ.”

ಅಕ್ಕ ತಿರುಗಿ, ಸಾವುಕಾರನ ಹೆಣದ ಮುಂದೆ, ಹಾಸಿದ್ದ ಜಮಖಾನೆಯ ಮೇಲೆ ಚಕ್ಕಂಬಕ್ಕಳ ಹಾಕಿ ಕೂತಳು. ಸೆರಗು ತಲೆ ಮೇಲೆ ಎಳೆದುಕೊಂಡಳು. ಬಾಯಿ ತೆರೆದಳು.

*ನೀರ ಬಿಡಾಕ ಹೋದ ನನ ಮಗನ*
*ಕಂಬಕ ಕಟ್ಟ್ಯಾರೋ ಕಂದಾ*

ಪೆಂಡಾಲಿನಲ್ಲಿ ಒಂದೇ ದನಿ ಎರಡು ಕಡೆಯಿಂದ ಬಂತು. ಡಬ್ಬಿಯಲ್ಲಿ ‘ನನ್ನಪ್ಪ’ ಅನ್ನುತ್ತಿತ್ತು, ನೆಲದ ಮೇಲೆ ‘ಕಂಬಕ ಕಟ್ಟ್ಯಾರೋ’ ಅನ್ನುತ್ತಿತ್ತು. ಹಿಂದೆ ಕೂತವರಿಗೆ ಯಾವುದು ಎಲ್ಲಿಂದ ಅಂತ ತಿಳಿಯಲಿಲ್ಲ. ಸಾಂಗ್ಲಿಯ ಮುದುಕಿಯೊಬ್ಬಳು “ಕಾಯ ಮ್ಹಣತೇ ತೀ? ಕೋಣಾಲಾ ಮಾರಲಂ?” ಅಂತ, ಇವಳು ಏನಂತಾಳೆ, ಯಾರನ್ನು ಹೊಡೆದರಂತೆ ಅಂತ, ಪಕ್ಕದವಳನ್ನು ಮರಾಠಿಯಲ್ಲಿ ಕೇಳಿದಳು. ಪಕ್ಕದವಳು ತಿಳಿಯದೆ ತಲೆ ಅಲ್ಲಾಡಿಸಿದಳು. ಫೌಜದಾರ ಫೋನು ಇಳಿಸಲೋ ಎತ್ತಲೋ ಅಂತ ಕೈ ಅಲ್ಲಾಡಿಸುತ್ತಿದ್ದ.

“ಆವಾಜ ಹೆಚ್ಚ ಮಾಡಲೇ!” ಅಂತ ದಾದಾಸಾಹೇಬ ಕಿರುಚಿದ.

ಭೂಪಾಲ ಹೆಚ್ಚು ಮಾಡಿದ. ಹೆಣದ ರುಮಾಲಿನ ತುದಿ ಅದುರುವಷ್ಟು ಜೋರಾಯಿತು. ಅಕ್ಕನೂ ಏರಿಸಿದಳು. ಕೊರಳ ನರ ಉಬ್ಬಿದವು. ಆದರೆ ಮನುಷ್ಯರ ಗಂಟಲಿಗೆ ಒಂದು ಮಿತಿಯಿದೆ. ಅವಳ ಹಾಡು ಅವಳದೇ ದನಿಯ ಕೆಳಗೆ ಮುಳುಗತೊಡಗಿತು. ಹಿಂದೆ ಕೂತ ಬೀಗರು ಸಮಾಧಾನವಾಗಿ ಕಾಲು ಚಾಚಿದರು. ಕೇರಿಯ ಹೆಂಗಸೊಬ್ಬಳು ಕೂತು ಏನೋ ಬೈಯುತ್ತಿದ್ದಾಳೆ ಅಷ್ಟೇ, ಅಸಲು ಹಾಡು ಡಬ್ಬಿಯದು ಅಂತ ಅವರಿಗೆ ಅನ್ನಿಸಿರಬೇಕು.

ಅಷ್ಟಕ್ಕೇ ಬಿಟ್ಟಿದ್ದರೆ ಅವರೇ ಗೆಲ್ಲುತ್ತಿದ್ದರು. ಆದರೆ ಹೊಡೆದು ಕಲಿತ ಕೈ ಸುಮ್ಮನಿರುವುದಿಲ್ಲ. ದಾದಾಸಾಹೇಬ ಅಪ್ಪನ ತೊಡೆಯ ಮೇಲಿನ ಬೆತ್ತ ಎಳೆದುಕೊಂಡ. ಅದರ ತಲೆಗೆ ಹಿತ್ತಾಳೆ ಗುಂಡು. ಹೆಣ ಒಂದು ಕಡೆಗೆ ವಾಲಿತು. ಅವನು ಬೆತ್ತ ತಿರುಗಿಸಿ ಹಿಡಿದು ಅಕ್ಕನ ಬಾಯಿಗೆ ಬೀಸಿದ.

ಕಟ್ ಅಂದ ಸದ್ದು ನನಗೆ ಕೇಳಿಸಿತು. ಅಕ್ಕ ಹಿಂದಕ್ಕೆ ಬಿದ್ದಳು. ಮೇಲ್ತುಟಿ ಎರಡಾಗಿ ಸೀಳಿತ್ತು. ಮುಂದಿನ ಹಲ್ಲುಗಳು ಜಮಖಾನೆಯ ಮೇಲೆ ಬಿದ್ದಿದ್ದವು. ರಕ್ತ ಗಂಟಲಿಗೆ ಇಳಿದು ಗಳಗಳ ಅಂದಿತು. ನಮ್ಮ ಹಿಂದೆಯೇ ಬಂದಿದ್ದ ಜಕ್ಕಪ್ಪ ನುಗ್ಗಿದ. ಭೂಪಾಲ ಪೆಂಡಾಲಿನ ಕಬ್ಬಿಣದ ಪೈಪಿನಿಂದ ಅವನ ಮೊಣಕೈಗೆ ಹೊಡೆದ. ಕೈ ಅಲ್ಲೇ ಜೋತುಬಿತ್ತು. ಒಳಗಿನಿಂದ ವಾಡೆಯ ಹೆಂಗಸರು ಚೀರಿದರು. ಇದಾವುದೂ ಡಬ್ಬಿಗೆ ತಗಲಲಿಲ್ಲ. ಅದರಲ್ಲಿ ಅಕ್ಕ ಎಲ್ಲ ಹಲ್ಲು ಇಟ್ಟುಕೊಂಡು, ನುಣುಪಾಗಿ, ‘ಎದಿಗವಚಿ ಅತ್ತೆಲ್ಲೋ ತಂದೇ’ ಅಂತ ಹಾಡುತ್ತಲೇ ಇದ್ದಳು.

ಕೆಳಗೆ ಬಿದ್ದ ಅಕ್ಕ ಕೈಯೂರಿ ಎದ್ದು ಕೂತಳು. ಉಗುಳಿದಳು. ಮತ್ತೆ ಎತ್ತಿಕೊಂಡಳು.

*ಈಹವರಾ... ಕಂಬಕ ಕಟ್ಟ್ಯಾ-ಓ...*

ಅದು ಕಸ್ತೂರೆವ್ವನ ದನಿ ಅಂತ ಯಾರೂ ಗುರುತು ಹಿಡಿಯುತ್ತಿರಲಿಲ್ಲ. ಗಾಳಿ ಹಲ್ಲಿನ ಸಂದಿಯಿಂದ ಸುಯ್ಯೆನ್ನುತ್ತಿತ್ತು, ತುಟಿ ಕೂಡುತ್ತಿರಲಿಲ್ಲ, ಅರ್ಧ ಮಾತು ರಕ್ತದಲ್ಲಿ ಕರಗುತ್ತಿತ್ತು. ಆದರೆ ಈಗ ಪೆಂಡಾಲಿನ ಕೊನೆಯ ಖುರ್ಚಿಯವರೆಗೂ ಯಾವುದು ಡಬ್ಬಿ, ಯಾವುದು ಹೆಂಗಸು ಅಂತ ಗೊತ್ತಾಯಿತು. ಸಾಂಗ್ಲಿಯ ಮುದುಕಿ ಎದ್ದು ನಿಂತು ಡಬ್ಬಿಯ ಕಡೆ ಕೈ ತೋರಿಸಿ, “ಬಂದ ಕರಾ ತೇ! ಬಂದ ಕರಾ!” ಅಂತ, ಅದನ್ನು ನಿಲ್ಲಿಸಿರಿ ಅಂತ ಕೂಗಿದಳು. ಅವಳ ಜೊತೆ ಇನ್ನಿಬ್ಬರು ಎದ್ದರು. ನಿಖಿಲ ಲ್ಯಾಪಟಾಪಿನ ಮೇಲೆ ಬೆರಳಾಡಿಸಿದ. ಡಬ್ಬಿ ನಿಂತಿತು.

ಈಗ ಅಕ್ಕನ ಹಾಡೊಂದೇ ಉಳಿಯಿತು. ಖುರ್ಚಿಯಲ್ಲಿ ಕೂತು ಎಣಿಸಿ ಹೊಡೆಸಿದ ಸಾಲು ಬಂತು. ರಾವಸಾಹೇಬನ ಹೆಸರು ಹಲ್ಲಿಲ್ಲದ ಬಾಯಿಯಲ್ಲಿ ಹರಿದು ಹರಿದು ಬಂತು. ಅದು ಎಲ್ಲರಿಗೂ ತಿಳಿಯಿತು. ಪೆಂಡಾಲಿನಾಚೆ ಬಂದು ನಿಂತಿದ್ದ ನಮ್ಮ ಕೇರಿಯವರಿಗೂ ತಿಳಿಯಿತು. ಫೌಜದಾರ ಫೋನನ್ನು ಕಿಸೆಗೆ ಹಾಕಿಕೊಂಡು ಹೆಣದ ಕಡೆ ನೋಡುತ್ತ ಕೂತ.

“ಬಾಯಿ ಮುಚ್ಚಲೇ!” ದಾದಾಸಾಹೇಬ ಮತ್ತೆ ಬೆತ್ತ ಎತ್ತಿದ.

ಅಕ್ಕ ಮುಖ ಮೇಲೆತ್ತಿ ಅವನಿಗೆ ಕೊಟ್ಟಳು.

“ಹೊಡಿಯೋ. ಎಟ್ಟ ಒಡೀತಿ, ಅಟ್ಟ ಈ ದನಿ ನಂದಾಗತೈತಿ.”

ನಾನು ಹೋಗಿ ಅವಳ ಪಕ್ಕ ಕೂತು ಸೊಲ್ಲು ಹಿಡಿದೆ. ನನ್ನ ಗಂಟಲಿನಿಂದ ಈಶ್ವರನ ಹೆಸರು ನಾನು ಎಣಿಸಿದ್ದಕ್ಕಿಂತ ದೊಡ್ಡದಾಗಿ ಬಂತು. ಬೆತ್ತ ನನ್ನ ಕಡೆಗೆ ತಿರುಗಿತು. ಮುಸುರೆ ಎರಚಿದ್ದಳಲ್ಲ, ಆ ಎದುರು ಮನೆಯ ಹೆಂಗಸು ಪೆಂಡಾಲಿನೊಳಗೆ ನುಗ್ಗಿ ನನ್ನ ಮಗ್ಗುಲಿಗೆ ಕೂತಳು. ಅವಳ ಹಿಂದೆ ಕೇರಿಯ ಹೆಂಗಸರು ಒಬ್ಬೊಬ್ಬರೇ ಚಪ್ಪಲಿ ಬಿಡದೆ ಒಳಗೆ ಬಂದರು. ಸಾವುಕಾರನ ಹೆಣದ ಮುಂದೆ ಸಾಲಾಗಿ ಕೂತು, ಮುಖ ಮೇಲೆತ್ತಿ, ಬಾಯಿ ತೆರೆದರು.